ಹಸಿರು ವೈರು ಕತ್ತರಿಸಿದವನು

ಅಮ್ಮನ ಇಸ್ತ್ರಿ ಪೆಟ್ಟಿಗೆ ಮುಟ್ಟಿದರೆ ಕರೆಂಟ್ ಚುರುಕ್ ಅನ್ನುತ್ತಿತ್ತು. ಅಮ್ಮನಿಗೆ ಅದೇನೂ ದೊಡ್ಡ ವಿಷಯವಲ್ಲ. ರಬ್ಬರ್ ಚಪ್ಪಲಿ ಹಾಕಿಕೊಂಡು, ಮರದ ಮಣೆ ಮೇಲೆ ನಿಂತು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. "ವಯಸ್ಸಾಗಿದೆ ಅಲ್ವಾ, ಸ್ವಲ್ಪ ಕೋಪ ಜಾಸ್ತಿ" ಎಂದು ಪೆಟ್ಟಿಗೆಯ ಪರ ವಕಾಲತ್ತು ಬೇರೆ.

ಒಂದು ಭಾನುವಾರ ಸ್ಕ್ರೂ ಡ್ರೈವರ್, ಟೆಸ್ಟರ್ ಹಿಡಿದು ಕೂತೆ. ಮೊದಲು ಪ್ಲಗ್ ಕಿತ್ತೆ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮದು ಹಳೇ ಮನೆ, ಕೆಲವು ಕಡೆ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರಿನ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್ಲಿಗೆ ಹಾಕಿಬಿಟ್ಟಿದ್ದಾರೆ. ಆಫ್ ಮಾಡಿದರೂ 230 ವೋಲ್ಟ್ ಒಳಗೇ ಕೂತಿರುತ್ತದೆ. ಹಿಂದೊಮ್ಮೆ ಟೇಬಲ್ ಫ್ಯಾನ್ ಬಿಚ್ಚುವಾಗ ಇದು ಗೊತ್ತಾಯಿತು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಆಮೇಲೆ ಪಕ್ಕದ ಕೋಣೆಯಲ್ಲಿ ಸಿಕ್ಕಿತು.

ಪ್ಲಗ್ ಬಿಚ್ಚಿ ನೋಡಿದರೆ ಕೆಂಪು, ಕಪ್ಪು ವೈರು ಸರಿಯಾಗಿವೆ. ಹಸಿರು ಮಾತ್ರ ಬುಡದಲ್ಲೇ ಕಟ್! ಪೆಟ್ಟಿಗೆಯ ಮೈಗೆ ಕರೆಂಟ್ ಸೋರಿದರೆ ನೆಲಕ್ಕೆ ಒಯ್ಯುವುದೇ ಆ ವೈರು. ಎಲ್ಲರಿಗಿಂತ ಮೊದಲು ಹೋಗಿ ಸೇರಲಿ ಅಂತಲೇ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅದರ ಪಿನ್ನು ಉದ್ದ ಇರುತ್ತದೆ. ಇಲ್ಲಿ ಅದನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ ಹಾಕಿದ್ದಾರೆ.

"ಯಾವ ಕತ್ತೆ ಮಾಡಿದ ಕೆಲಸ ಇದು?" ಎಂದು ಕೂಗಿದೆ.

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ, "ನೀನೇ ಕಣೋ. ಪಿಯುಸಿ ರಜೆಯಲ್ಲಿ. ಇದೊಂದು ವೈರು ಸುಮ್ನೆ ಎಕ್ಸ್‌ಟ್ರಾ ಕೊಟ್ಟಿದ್ದಾರೆ ಅಂದಿದ್ದೆ" ಎಂದಳು.

ಮಾತಾಡದೆ ಅಂಗಡಿಗೆ ಹೋದೆ. ಬಟ್ಟೆ ಸುತ್ತಿದ ಇಸ್ತ್ರಿ ವೈರು, ಮೂರು ಪಿನ್ನಿನ ಪ್ಲಗ್ ಕೊಂಡೆ. ಹೊಸ ವೈರಿನ ಬಣ್ಣಗಳೇ ಬೇರೆ. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್, ಅಂದರೆ ನೆಲಕ್ಕೆ ಒಯ್ಯುವ ವೈರು. ಎರಡು ಸಲ ಕೇಳಿದ್ದಕ್ಕೆ ಅಂಗಡಿಯವನು, "ಕೆಲಸ ಮಾಡೋದು ಯಾರು ಸಾರ್?" ಎಂದ. "ನಮ್ಮ ಹುಡುಗ ಒಬ್ಬ ಇದ್ದಾನೆ" ಎಂದೆ.

ಎಲ್ಲ ಜೋಡಿಸಿ, ಪ್ಲಗ್ ಹಾಕಿ, ಈ ಸಲ ಪೆಟ್ಟಿಗೆಗೆ ಕೈ ಇಡದೆ ಟೆಸ್ಟರ್ ಇಟ್ಟೆ. ಟೆಸ್ಟರಿನ ದೀಪ ಝಗ್ಗನೆ ಹತ್ತಿಕೊಂಡಿತು. ಕರೆಂಟ್ ಇನ್ನೂ ಮೈಮೇಲೇ ಇದೆ!

ಕೊನೆಗೆ ಎಲೆಕ್ಟ್ರಿಷಿಯನ್ ಬಂದರು. ಮೊದಲು ಪೆಟ್ಟಿಗೆ ಕಾಯಿಸುವ ಎಲಿಮೆಂಟ್ ಬದಲಿಸಿ ಅಂದರು. ಆಮೇಲೆ ಗೋಡೆಯ ಸಾಕೆಟ್ ಬಿಚ್ಚಿ, "ಮೂರನೇ ತೂತು ಇದೆ ಸಾರ್, ಹಿಂದೆ ವೈರೇ ಇಲ್ಲ" ಎಂದು ನಕ್ಕರು. ಹಿತ್ತಲಲ್ಲಿ ನೆಲಕ್ಕೆ ಹೂತಿಟ್ಟ ಅರ್ಥಿಂಗ್ ಪೈಪ್ ಹುಡುಕಿದರೆ ಅಮ್ಮ ಅದಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಳು. ಬಳ್ಳಿ ಸರಿಸಿ, ಅಲ್ಲಿಂದ ವೈರು ಎಳೆದು ಕೊಟ್ಟರು.

"ಮಣ್ಣು ಒಣಗಬಾರದು ಅಮ್ಮ. ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹಾಕ್ತಿರಿ."

ಅಮ್ಮ ಸ್ವಲ್ಪ ಯೋಚಿಸಿ ಕೇಳಿದಳು: "ಅಕ್ಕಿ ತೊಳೆದ ನೀರು ಆಗುತ್ತಾ?"