ಸೀಸದ ಬಾಣಲೆ, ಬಸುರಿ ಅತ್ತಿಗೆ

ಅತ್ತಿಗೆಗೆ ಈಗ ಏಳು ತಿಂಗಳು. ಪಪ್ಪಾಯಿ ಬೇಡ, ಬಂಗಡೆ ಉಷ್ಣ, ಗ್ರಹಣದ ದಿನ ಹೊರಗೆ ಕಾಲಿಡಬೇಡ. ಆಯಿಯ ಪಟ್ಟಿ ದಿನಕ್ಕೊಂದು ಗೇಣು ಬೆಳೆಯುತ್ತಿದೆ. ಮೊನ್ನೆ ಅದೇ ಆಯಿಯ ಕಣ್ಣೆದುರು ಅಣ್ಣ ಅಡುಗೆಮನೆ ಹಿಂದಿನ ಒಲೆಯಲ್ಲಿ ಬೀಸುಬಲೆಗೆ ಭಾರ ಕಟ್ಟುವ ಗುಂಡು ಮಾಡಲು ಸೀಸ ಕರಗಿಸುತ್ತಿದ್ದ. ಹಳೇ ಬಾಣಲೆ. ಕರಗಿದ ಸೀಸದ ಮೇಲೆ ಹಾಲಿನ ಕೆನೆಯ ಹಾಗೆ ಬೂದಿಬಣ್ಣದ ಪೊರೆ ಸುಕ್ಕುಗಟ್ಟುತ್ತದಲ್ಲ, ಅದನ್ನು ಸೌಟಿನಲ್ಲಿ ಬಳಿದು ಅಂಗಳಕ್ಕೆ ಕೊಡವಿದ. ಅತ್ತಿಗೆ ಬಾಗಿಲಲ್ಲೇ ಕೂತು ಶೆಟ್ಲಿ (ಸಿಗಡಿ) ಸುಲಿಯುತ್ತಿದ್ದಳು. "ಒಳಗೆ ಹೋಗು ಅತ್ತಿಗೆ" ಅಂದೆ. ಅಣ್ಣ ನಕ್ಕ. "ಅಪ್ಪನೂ ಇಲ್ಲೇ ಕರಗಿಸಿದ್ದ ಮಾರಾಯ್ತಿ. ನಿಂಗೆ ಎಂತ ಆಯ್ತು ಈಗ?"

ಅಲ್ಲಿ ಬಾಯಿಗೆ ಬರದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮಾಸು, ಅಂದರೆ ಬಸಿರಲ್ಲಿ ತಾಯಿ ಮಗುವನ್ನು ಜೋಡಿಸುವ ಪ್ಲಸೆಂಟಾ, ಮಗುವನ್ನು ಎಲ್ಲದರಿಂದ ಕಾಯುತ್ತದೆ ಅನ್ನುವುದು ನಮ್ಮ ನಂಬಿಕೆ. ಸುಮಾರು ಅರ್ಧ ಕಿಲೋ ತೂಗುವ ಆ ಮಾಂಸದ ಮುದ್ದೆಯನ್ನು ಸೀಸದ ವಿಷ ಸಲೀಸಾಗಿ ದಾಟುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚುಕಮ್ಮಿ ತಾಯಿಯ ರಕ್ತದಲ್ಲಿರುವಷ್ಟೇ ಸೀಸ ಸಿಗುತ್ತದೆ. ಇವತ್ತಿನ ಹೊಗೆ, ಧೂಳಿನ ಲೆಕ್ಕ ಮಾತ್ರ ಆಗಿದ್ದರೆ ಪರವಾಗಿರಲಿಲ್ಲ. ಸೀಸ ಕ್ಯಾಲ್ಸಿಯಂನ ಜಾಗ ಹಿಡಿದು ಎಲುಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮಗುವಿಗಾಗಿ ತಾಯಿಯ ಎಲುಬು ಕ್ಯಾಲ್ಸಿಯಂ ಬಿಟ್ಟುಕೊಡುವಾಗ ಅದೂ ಜೊತೆಗೆ ಹೊರಡುತ್ತದೆ. ತವರಿನಲ್ಲಿ ಅತ್ತಿಗೆ ಸಣ್ಣವಳಿದ್ದಾಗ ಹಲ್ಲಲ್ಲಿ ಕಚ್ಚಿ ಬಲೆಗೆ ಸಿಕ್ಕಿಸಿದ ಗುಂಡುಗಳ ಬಾಕಿಯೂ ಇದರಲ್ಲಿ ಸೇರಿದೆಯೋ ಏನೋ.

ಕ್ಯಾಡ್ಮಿಯಂ ಅನ್ನುವ ಇನ್ನೊಂದು ವಿಷಲೋಹದ ಕತೆ ಬೇರೆ. ತಂಬಾಕಿನ ಗಿಡ ಅದನ್ನು ಮಣ್ಣಿಂದ ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಬೀಡಿಯೂ ಬೇಡ, ಕವಳಕ್ಕೆ ತಂಬಾಕೂ ಬೇಡ. ಮಾಸು ಇದನ್ನು ಬಹುಪಾಲು ತನ್ನಲ್ಲೇ ತಡೆದಿಡುತ್ತದೆ, ಆದರೆ ಪೆಟ್ಟು ಮಾಸಿಗೇ ಬೀಳುತ್ತದೆ. ಮಗುವಿಗೆ ಹೋಗಬೇಕಾದ ಸತು ಸರಿಯಾಗಿ ಹೋಗುವುದಿಲ್ಲ, ಹುಟ್ಟುವಾಗ ಮಗುವಿನ ತೂಕ ಕಡಿಮೆಯಿರಬಹುದು.

ಇನ್ನು ಪಾದರಸ. ಜಪಾನಿನ ಮಿನಮಾಟಾ ಕೂಡ ನಮ್ಮ ಹಾಗೆ ಮೀನುಗಾರರ ಊರು. ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿಗೆ ಸೇರಿ, 1956ರಲ್ಲಿ ಕಾಯಿಲೆ ಬೆಳಕಿಗೆ ಬಂತು. ಗಟ್ಟಿಮುಟ್ಟಾಗೇ ಕಾಣುತ್ತಿದ್ದ ತಾಯಂದಿರಿಗೆ ಮಿದುಳು ಜಖಂ ಆದ ಮಕ್ಕಳು ಹುಟ್ಟಿದರು. ಮಾಸೇ ವಿಷವನ್ನು ಆಚೆ ಸಾಗಿಸಿತ್ತು. ಅಲ್ಲಿಯ ಜನ ಒಣಗಿದ ಹೊಕ್ಕುಳಬಳ್ಳಿಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಎತ್ತಿಡುತ್ತಾರೆ. ವರ್ಷಗಳ ನಂತರ ವೈದ್ಯರು ಅವನ್ನೇ ಪರೀಕ್ಷಿಸಿದಾಗ ಪಾದರಸ ಸಿಕ್ಕಿತು. ನನ್ನ ಹೊಕ್ಕುಳಬಳ್ಳಿಯ ಚೂರು ಆಯಿಯ ಟ್ರಂಕಿನಲ್ಲಿ ಬೆಳ್ಳಿ ತಾಯತದೊಳಗಿದೆ. ಇದನ್ನು ಓದಿದ ಮೇಲೆ ಅದನ್ನು ಮುಟ್ಟುವಾಗ ಕೈ ಸ್ವಲ್ಪ ತಡೆಯುತ್ತದೆ.

ಹಾಗಂತ ಮೀನು ಬಿಡಬೇಕಿಲ್ಲ. ಪಾದರಸ ಹೆಚ್ಚು ಸೇರುವುದು ಸಣ್ಣ ಮೀನು ನುಂಗಿ ವರ್ಷಾನುಗಟ್ಟಲೆ ಬದುಕುವ ದೊಡ್ಡ ಮೀನಿನಲ್ಲಿ. ಬಂಗಡೆ, ತಾರ್ಲೆ ತಿನ್ನಲಿ. ತಮಾಷೆಯೆಂದರೆ ಆಯಿ ಬಂಗಡೆ ಬೇಡ ಅಂದು, ಬಾಣಂತನಕ್ಕೆ ಮೋರಿ ಸಾರು ಅಂತ ಈಗಲೇ ಹೇಳಿಟ್ಟಿದ್ದಾಳೆ! ಶಾರ್ಕ್ ಮಾರಾಯ್ರೇ ಅದು. ಆಶಾ ಅಕ್ಕ ಕೊಟ್ಟ ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ಅತ್ತಿಗೆ ವಾಂತಿ ಬರುತ್ತದೆ ಅಂತ ಕಪಾಟಿನ ಹಿಂದೆ ಸೇರಿಸಿದ್ದಾಳೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಕರುಳು ಸೀಸ, ಕ್ಯಾಡ್ಮಿಯಂ ಎರಡನ್ನೂ ಹೆಚ್ಚು ಹೀರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಬಸುರಿಯ ತಟ್ಟೆಗೆ ಕಾವಲು ಕೂರುವ ನಾವು ಗಂಡಸಿನ ಬಾಣಲೆಗೆ ಯಾಕೆ ಒಂದು ಮಾತೂ ಆಡುವುದಿಲ್ಲ? ಒಲೆಯನ್ನು ಅಘನಾಶಿನಿ ದಡಕ್ಕೆ, ತೆಂಗಿನ ಸಾಲಿನಾಚೆ ಒಯ್ಯಲು ಅಣ್ಣನಿಗೆ ಹತ್ತು ನಿಮಿಷ ಸಾಕು. ಕೊನೆಗೆ ಗೊಣಗುತ್ತಲೇ ಒಯ್ದ.

ಆದರೆ ಇವತ್ತು ಬೆಳಿಗ್ಗೆ ನೋಡಿದರೆ ಸೀಸ ಬಳಿದ ಆ ಸೌಟು ಅಡುಗೆಮನೆಯ ಗೂಡಿನಲ್ಲಿ, ಉಳಿದ ಸೌಟುಗಳ ಜೊತೆ ತೊಳೆದು ನೇತಾಡುತ್ತಿತ್ತು. ಯಾರಿಗೂ ಹೇಳದೆ ತೆಗೆದೆ. ಆಯಿ ಆಗಿಂದ ಹುಡುಕುತ್ತಿದ್ದಾಳೆ.