ರಜೆಗೆ ಐರಿಶ್ ಸಿನಿಮಾ: ಕಣ್ಣೀರು ಬರುವಂಥದ್ದನ್ನೇ ಹಾಕಿ

ಮಾರ್ಚ್ 17 ಹತ್ತಿರ ಬಂದರೆ ಸಾಕು, ಡಬ್ಲಿನ್‌ನ ನಮ್ಮ ಕನ್ನಡದವರಲ್ಲಿ ಅದೇ ಪ್ರಶ್ನೆ ಶುರು. ಸೇಂಟ್ ಪ್ಯಾಟ್ರಿಕ್ ಹಬ್ಬದ ರಜೆ, ಹೊರಗೆ ಮಳೆ, ಮಕ್ಕಳ ಜೊತೆ ಕೂತು ನೋಡುವಂಥ ಐರಿಶ್ ಸಿನಿಮಾ ಯಾವುದಿದೆ? ಸಿಗುವ ಉತ್ತರಗಳೂ ಹೆಚ್ಚುಕಡಿಮೆ ಅವೇ. ಹಸಿರು ಅಂಗಿಯ ಲೆಪ್ರಿಕಾನ್ ಅನ್ನೋ ಜನಪದ ಕಥೆಯ ಕುಳ್ಳ, ಚಿನ್ನದ ಕೊಪ್ಪರಿಗೆ, ಕುಡಿದು ಹಾಡುವ ಹಳ್ಳಿ ಜನ. ಇದು ಹಾಲಿವುಡ್ ಕಟ್ಟಿಕೊಂಡ ಐರ್ಲೆಂಡ್. ಡಿಸ್ನಿಯವರ 1959ರ 'ಡಾರ್ಬಿ ಓಗಿಲ್' ಚಿತ್ರವನ್ನಂತೂ ಹೆಚ್ಚಾಗಿ ಕ್ಯಾಲಿಫೋರ್ನಿಯಾದಲ್ಲೇ ತೆಗೆದದ್ದು. ಇಲ್ಲಿನವರೇ ತಮ್ಮ ಮಕ್ಕಳಿಗಾಗಿ ಹೇಳಿದ ಕಥೆಗಳನ್ನು ನೋಡಿ ಅನ್ನೋದು ನನ್ನ ಮಾತು. ಅವುಗಳಲ್ಲಿ ದುಃಖ ಜಾಸ್ತಿ ಇದೆ. ಅದಕ್ಕೇ ನೋಡಿ ಅನ್ನುತ್ತಿದ್ದೇನೆ.

ಮೊದಲು ಹಾಕಬೇಕಾದ್ದು 2014ರ 'ಸಾಂಗ್ ಆಫ್ ದ ಸೀ'. ಕಿಲ್ಕೆನ್ನಿಯ ಕಾರ್ಟೂನ್ ಸಲೂನ್ ಸ್ಟುಡಿಯೋದ್ದು, ಟಾಮ್ ಮೂರ್ ನಿರ್ದೇಶನ. ಕೈಯಲ್ಲಿ ಬರೆದ ಚಿತ್ರಗಳ ಅನಿಮೇಷನ್. ದ್ವೀಪದ ಲೈಟ್‌ಹೌಸ್‌ನಲ್ಲಿ ಅಪ್ಪ, ಅಣ್ಣ ಬೆನ್, ಇನ್ನೂ ಮಾತೇ ಆಡದ ಪುಟ್ಟ ತಂಗಿ. ತಂಗಿ ಹುಟ್ಟಿದ ರಾತ್ರಿಯೇ ಅಮ್ಮ ಕಡಲಿಗೆ ಹೋಗಿಬಿಟ್ಟಿದ್ದಾಳೆ. ಈ ಕರಾವಳಿಯ ಹಳೆಯ ಕಥೆಗಳಲ್ಲಿ ಸೆಲ್ಕಿಗಳು ಬರುತ್ತಾರೆ. ನೀರಿನಲ್ಲಿದ್ದರೆ ಸೀಲ್ ಅನ್ನೋ ಕಡಲ ಪ್ರಾಣಿ, ದಡಕ್ಕೆ ಬಂದು ಚರ್ಮ ಕಳಚಿದರೆ ಮನುಷ್ಯರು. ಅಮ್ಮ ಅಂಥವಳು. ಬೆನ್ ತನ್ನ ಸಿಟ್ಟನ್ನೆಲ್ಲ ತಂಗಿಯ ಮೇಲೆ ತೀರಿಸಿಕೊಳ್ಳುತ್ತಾನೆ. ಎರಡು ಮಕ್ಕಳಿರುವ ಮನೆಯವರಿಗೆ ಆ ಸಿಟ್ಟು ಚೆನ್ನಾಗಿ ಗೊತ್ತು.

ಇದರಲ್ಲಿ ಮಾಕಾ ಅಂತ ಒಬ್ಬ ಗೂಬೆ ಮಾಟಗಾತಿ ಇದ್ದಾಳೆ. ಅವಳ ಮಗ ಒಬ್ಬ ದೈತ್ಯ. ದುಃಖ ತಡೆಯಲಾರದೆ ಒಂದು ಕಡಲಾಗುವಷ್ಟು ಅತ್ತವನು. ಆ ಸಂಕಟ ನೋಡಲಾಗದೆ ಅವಳು ಮಗನ ದುಃಖವನ್ನೇ ತೆಗೆದುಬಿಟ್ಟಳು. ಅವನು ಕಲ್ಲಾದ. ಆಮೇಲೆ ಸಿಕ್ಕವರ ನೋವನ್ನೆಲ್ಲ ಗಾಜಿನ ಜಾಡಿಗಳಲ್ಲಿ ತುಂಬಿಡುತ್ತ ಹೋದಳು, ತನ್ನದನ್ನೂ ಬಿಡಲಿಲ್ಲ. ಅವಳಿಗೆ ಯಾರ ಮೇಲೂ ದ್ವೇಷ ಇಲ್ಲ. ಪ್ರೀತಿಯಿಂದಲೇ ಹಾಗೆ ಮಾಡಿದ್ದು.

"ಹಬ್ಬದ ದಿನ ಮಕ್ಕಳನ್ನ ಯಾಕೆ ಅಳಿಸ್ತೀರಿ, ಏನಾದ್ರೂ ಜಾಲಿಯಾಗಿರೋದು ಹಾಕಿ" ಅಂತ ಗೆಳತಿಯರು ಹೇಳಿದಾಗೆಲ್ಲ ನನಗೆ ಮಾಕಾ ನೆನಪಾಗುತ್ತಾಳೆ. ಊರಲ್ಲಿ ಹಿರಿಯರು ತೀರಿಕೊಂಡರೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಅಳುವವರು ನಾವು. ಮಕ್ಕಳಿಗೆ ಕಾಣಬಾರದು ಅಂತ. ಅವರಿಗೆ ಗೊತ್ತಾಗಿರುತ್ತದೆ, ಹೇಗೆ ಕೇಳಬೇಕು ಅಂತ ತಿಳಿದಿರುವುದಿಲ್ಲ. ಈ ಸಿನಿಮಾ ನೋಡುವಾಗ ನನ್ನ ಮಗಳು "ನಮ್ಮ ತಾತನೂ ಹೀಗೇ ಹೋದ್ರಾ ಅಮ್ಮಾ?" ಅಂತ ಕೇಳಿದಳು. ಸಿನಿಮಾ ನಿಲ್ಲಿಸಿ ತಾತನ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಜಾಲಿ ಸಿನಿಮಾ ಹಾಕಿದ್ದರೆ ಆ ಪ್ರಶ್ನೆ ಅವಳೊಳಗೇ ಉಳಿಯುತ್ತಿತ್ತು.

ಸ್ವಲ್ಪ ದೊಡ್ಡ ಮಕ್ಕಳಿಗೆ ಅದೇ ಸ್ಟುಡಿಯೋದ 2020ರ 'ವುಲ್ಫ್‌ವಾಕರ್ಸ್'. 1650ರ ಕಿಲ್ಕೆನ್ನಿ, ಐರ್ಲೆಂಡ್ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ದಂಡನಾಯಕ ಕ್ರಾಮ್‌ವೆಲ್‌ನ ಸೈನ್ಯದ ಕಾಲ. ತೋಳ ಬೇಟೆಗೆ ಬಂದ ಇಂಗ್ಲಿಷಿನವನ ಮಗಳಿಗೂ ಕಾಡಿನ ಹುಡುಗಿಗೂ ಸ್ನೇಹವಾಗುತ್ತದೆ. ಊರನ್ನು ನೆಟ್ಟಗಿನ ಗಡಸು ಗೆರೆಗಳಲ್ಲಿ, ಕಾಡನ್ನು ಹರಿದಾಡುವ ಪೆನ್ಸಿಲ್ ಗೆರೆಗಳಲ್ಲಿ ಬರೆದಿದ್ದಾರೆ. ಮಕ್ಕಳೇ ಅದನ್ನು ಗುರುತು ಹಿಡಿಯುತ್ತಾರೆ, ನೋಡ್ತಾ ಇರಿ. ಐರ್ಲೆಂಡ್‌ನ ಕಾಡಿನಲ್ಲಿ ಇವತ್ತು ಒಂದು ತೋಳವೂ ಇಲ್ಲ ಅನ್ನೋದನ್ನು ಸಿನಿಮಾ ಮುಗಿದ ಮೇಲೆ ಹೇಳಿ. ಆಮೇಲೆ ಒಂದು ದಿನ ಕಿಲ್ಕೆನ್ನಿ ಕೋಟೆಗೆ ಕರೆದುಕೊಂಡು ಹೋಗಿ. 2009ರ 'ಸೀಕ್ರೆಟ್ ಆಫ್ ಕೆಲ್ಸ್' ಕೂಡ ಇವರದ್ದೇ. ಟ್ರಿನಿಟಿ ಕಾಲೇಜಿನ 1,200 ವರ್ಷ ಹಳೆಯ ಹಸ್ತಪ್ರತಿಯ ಸುತ್ತ ಕಟ್ಟಿದ ಕಥೆ. ಉತ್ತರದಿಂದ ಹಡಗಿನಲ್ಲಿ ಬಂದು ಸೂರೆ ಮಾಡುತ್ತಿದ್ದ ವೈಕಿಂಗ್‌ಗಳ ದಾಳಿಯ ದೃಶ್ಯ ಚಿಕ್ಕವರಿಗೆ ಭಯ ಆಗುತ್ತದೆ, ಪಕ್ಕದಲ್ಲೇ ಕೂತಿರಿ.

ನನಗೆ ತುಂಬ ಇಷ್ಟವಾದ, ಆದರೆ ಯಾರೂ ಅಷ್ಟಾಗಿ ಹೆಸರೆತ್ತದ ಚಿತ್ರ 1992ರ 'ಇನ್‌ಟು ದ ವೆಸ್ಟ್'. ಬರೆದವರು ಡಬ್ಲಿನ್‌ನ ಜಿಮ್ ಶೆರಿಡನ್. ಊರೂರು ಅಲೆಯುವ ಟ್ರಾವೆಲರ್ ಸಮುದಾಯದ ಇಬ್ಬರು ಹುಡುಗರು ಡಬ್ಲಿನ್‌ನ ಬ್ಯಾಲಿಮನ್ ಬಡಾವಣೆಯ ಎತ್ತರದ ಫ್ಲಾಟ್‌ನಲ್ಲಿದ್ದಾರೆ. ಅಮ್ಮ ಇಲ್ಲ, ಅಪ್ಪ ಕುಡಿತಕ್ಕೆ ಬಿದ್ದಿದ್ದಾನೆ. ತಾತ ತಂದ ಬಿಳಿ ಕುದುರೆಯನ್ನು ಹುಡುಗರು ಫ್ಲಾಟ್‌ಗೇ ಹತ್ತಿಸುತ್ತಾರೆ! ಅದನ್ನು ಪೊಲೀಸರು ಕಸಿದುಕೊಂಡ ಮೇಲೆ ಮಕ್ಕಳು ಅದನ್ನು ಬಿಡಿಸಿಕೊಂಡು ಪಶ್ಚಿಮದ ಕಡಲಿನ ಕಡೆ ಓಡುತ್ತಾರೆ. ಆ ಕಟ್ಟಡಗಳನ್ನು ಈಗ ಕೆಡವಿದ್ದಾರೆ. ಟ್ರಾವೆಲರ್‌ಗಳನ್ನು ಪ್ರತ್ಯೇಕ ಜನಾಂಗ ಅಂತ ಸರ್ಕಾರ ಒಪ್ಪಿಕೊಂಡದ್ದು 2017ರಲ್ಲಿ. ಇಲ್ಲಿ ಅವರ ಬಗ್ಗೆ ಜನ ಹಗುರವಾಗಿ ಆಡುವ ಮಾತುಗಳು ಶಾಲೆಯಲ್ಲಿ ನಮ್ಮ ಮಕ್ಕಳ ಕಿವಿಗೂ ಬೀಳುತ್ತವೆ. ಅದಕ್ಕಿಂತ ಮೊದಲು ಈ ಸಿನಿಮಾ ನೋಡಿರಲಿ.

ಹೆಸರು ನೋಡಿ ಮೋಸ ಹೋಗಬೇಡಿ. 1993ರ 'ಲೆಪ್ರಿಕಾನ್' ಹಾರರ್ ಸಿನಿಮಾ. 'ಬ್ಯಾನ್‌ಶೀಸ್ ಆಫ್ ಇನಿಶೆರಿನ್' ದ್ವೀಪ, ಕತ್ತೆ ಎಲ್ಲ ಚಂದ, ಆದರೆ ಅದರಲ್ಲಿ ಬೆರಳು ಕತ್ತರಿಸಿಕೊಳ್ಳುತ್ತಾರೆ. ಮಕ್ಕಳು ಮಲಗಿದ ಮೇಲೆ ನೋಡಿ. ಎಲ್ಲರೂ ಹೊಗಳುವ 1952ರ 'ದ ಕ್ವಾಯಟ್ ಮ್ಯಾನ್' ನನಗೂ ಇಷ್ಟ, ನಟಿ ಮೌರೀನ್ ಓಹಾರಾಗಾಗಿ. ಆದರೆ ಅದರಲ್ಲಿ ಗಂಡ ಹೆಂಡತಿಯನ್ನು ಹೊಲದುದ್ದಕ್ಕೂ ಎಳೆದುಕೊಂಡು ಹೋಗುತ್ತಾನೆ, ಊರೆಲ್ಲ ನಗುತ್ತ ಹಿಂದೆ ಬರುತ್ತದೆ. ಅದನ್ನು ತಮಾಷೆ ಅಂತ ನನ್ನ ಮಕ್ಕಳ ಜೊತೆ ಕೂತು ನಗಲು ನನ್ನಿಂದ ಆಗಲ್ಲ.

ಹದಿಹರೆಯದವರಿದ್ದರೆ 2022ರ 'ದ ಕ್ವಾಯಟ್ ಗರ್ಲ್' ಹಾಕಿ. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಐರಿಶ್ ಭಾಷೆಯ ಸಿನಿಮಾ. 1981ರ ಬೇಸಿಗೆ. ಮನೆ ತುಂಬ ಮಕ್ಕಳು, ಯಾರೂ ಗಮನಿಸದ ಒಬ್ಬ ಹುಡುಗಿ. ಅವಳನ್ನು ದೂರದ ನೆಂಟರ ಮನೆಗೆ ಕಳಿಸುತ್ತಾರೆ. ಆ ಮನೆಯ ಗಂಡಸು ಏನೂ ಮಾತಾಡದೆ ಅವಳ ಮುಂದೆ ಮೇಜಿನ ಮೇಲೆ ಒಂದು ಬಿಸ್ಕತ್ತು ಇಟ್ಟು ಹೋಗುತ್ತಾನೆ. ಅಷ್ಟೇ, ಆದರೆ ನನ್ನ ಗಂಟಲು ಕಟ್ಟಿತು. ಇಲ್ಲಿನ ಶಾಲೆಗಳಲ್ಲಿ ಐರಿಶ್ ಕಲಿಸುತ್ತಾರಲ್ವಾ, ಹಾಗಾಗಿ ನಾವು ಸಬ್‌ಟೈಟಲ್ ಓದುತ್ತಿದ್ದರೆ ಮಕ್ಕಳು ನಡುನಡುವೆ ಸಬ್‌ಟೈಟಲ್ ನೋಡದೆಯೇ ಅರ್ಥ ಹೇಳುತ್ತಾರೆ. ನಿಧಾನದ ಸಿನಿಮಾ, ಮೊದಲ ಅರ್ಧ ಗಂಟೆ ಚಡಪಡಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೂರಿಸಿಕೊಳ್ಳಿ.