ಪರ–ವಿರೋಧ: ದೆವ್ವದ ಧಾರಾವಾಹಿಗೆ ತೊಗಲುಗೊಂಬೆ ಬೇಕೆ?

ಪರ: ಬರಲಿ ಬಿಡಿ

ರಾಮಾಯಣದ ಯಾವ ಕಾಂಡದಲ್ಲಿ ಕಿಳ್ಳೇಕ್ಯಾತ ಬರುತ್ತಾನೆ? ಬಂಗಾರಕ್ಕ ಎಲ್ಲಿದ್ದಾಳೆ? ಎಲ್ಲೂ ಇಲ್ಲ. ಆದರೂ ತೊಗಲುಗೊಂಬೆ ಆಟದಲ್ಲಿ ನಗಿಸುವ ಈ ಗೊಂಬೆಗಳಿಬ್ಬರೂ ನಡುವೆ ನುಗ್ಗಿ, ಎದುರು ಕೂತ ಮಂದಿಯನ್ನೇ ಆಡಿಕೊಂಡು ಹೋಗುತ್ತಾರೆ. ಒಂದು ಕಥೆಯವರು ಇನ್ನೊಂದಕ್ಕೆ ಬಂದರೆ ಟೀವಿಯವರು ಅದನ್ನು ಕ್ರಾಸ್‌ಓವರ್ ಅನ್ನುತ್ತಾರೆ. ನಮ್ಮ ಕಡೆ ಹೆಸರಿಡದೆಯೇ ನಡೆದುಕೊಂಡು ಬಂದಿದೆ.

ರಕ್ತಪಿಶಾಚಿಗಳನ್ನು ಬೇಟೆಯಾಡುವ ಹುಡುಗಿಯ ಕಥೆ, ಅಮೆರಿಕದ ‘ಬಫಿ’ ಧಾರಾವಾಹಿಯಲ್ಲಿ 1997ರಲ್ಲೇ ಒಂದು ಮಾತಾಡುವ ಗೊಂಬೆ ಬಂತು. ಕೊಲೆ ಮಾಡಿದ್ದು ಅದೇ ಅಂತ ಎಲ್ಲರಿಗೂ ಗುಮಾನಿ. ಕೊನೆಗೆ ನೋಡಿದರೆ ಅದು ರಾಕ್ಷಸರ ಬೆನ್ನು ಹತ್ತಿದ ಬೇಟೆಗಾರ. ಆ ಧಾರಾವಾಹಿಯಿಂದಲೇ ಹುಟ್ಟಿದ ‘ಏಂಜಲ್’ ಧಾರಾವಾಹಿಯಲ್ಲಿ, 2004ರಲ್ಲಿ, ರಕ್ತಪಿಶಾಚಿ ನಾಯಕನೇ ಬಟ್ಟೆಗೊಂಬೆಯಾದ. ಸಿಟ್ಟು ಮಾತ್ರ ಹಾಗೇ ಇತ್ತು.

ಸಂಪ್ರದಾಯ ಕೆಡುತ್ತದಂತೆ! ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಗಾಂಧೀಜಿಯನ್ನೇ ತೊಗಲುಗೊಂಬೆ ಮಾಡಿ ಪರದೆಗೆ ತಂದರು. ಆಗ ಏನು ಕೆಟ್ಟಿತ್ತು?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಂಡೂರು ಕಡೆ ಅಜ್ಜಿಯ ಊರಲ್ಲಿ ಆಟ ನೋಡಿದ್ದೆ. ಪರದೆಯ ಹಿಂದೆ ಬಲ್ಬು. ರಾವಣ ಕ್ಯಾಲೆಂಡರಿನ ಚಿತ್ರದ ಹಾಗೆ ನಿಂತಿದ್ದ. ಕರೆಂಟು ಹೋಯಿತು, ಹುಡುಗರು ಸಿಳ್ಳೆ ಹಾಕಿದರು. ಒಳಗೆ ಯಾರೋ ಬಟ್ಟಲಿಗೆ ಎಣ್ಣೆ ಸುರಿದು ಬತ್ತಿ ಹಚ್ಚಿದರು. ಗಾಳಿಗೆ ಕುಡಿ ಅಲುಗಿತು. ಕಿರೀಟಕ್ಕೆ, ಕೊರಳ ಸರಕ್ಕೆ ಉಳಿಯಿಂದ ಹೊಡೆದ ತೂತುಗಳೆಲ್ಲ ಮಿಣಮಿಣ ಅಂದವು. ಹತ್ತೂ ತಲೆ ಹಿಗ್ಗಿ ಕುಗ್ಗಿದವು. ಕೋಲು ಹಿಡಿದ ಕೈ ಆಡಿಸಿಯೇ ಇರಲಿಲ್ಲ. “ಈಗ ನೋಡ್ರಿ, ಈಗ ಎದ್ದಾನ ಅಂವ” ಎಂದಿತು ಒಳಗಿನಿಂದ ಮುದುಕರೊಬ್ಬರ ದನಿ. ನಾನು ಅಜ್ಜಿಯ ಸೆರಗಿನೊಳಗೆ. ಕರೆಂಟು ಬಂದಾಗ ಊರ ಮಂದಿಯೇ ಕೂಗಿದರು: “ಬಲ್ಬು ಆರಸ್ರೀ!”

ಇಂಥದ್ದು ಮನೆಯಲ್ಲೇ ಇರುವಾಗ ನಮ್ಮ ಧಾರಾವಾಹಿಯವರು ಬಿಳಿ ಸೀರೆ, ಬಿಚ್ಚಿದ ಕೂದಲು, ಹೊಗೆ ಅಂತ ಇನ್ನೆಷ್ಟು ದಿನ ತಳ್ಳುತ್ತಾರೆ? ಕಲಾವಿದರಿಗೆ ದುಡ್ಡು ಸಿಗುತ್ತದೆಯೇ ಅನ್ನುವುದು ಬೇರೆ ಮಾತು. ಕರಾರು ಮಾಡಿಕೊಂಡರಾಯಿತು.

ವಿರೋಧ: ಬೇಡ ಅನ್ನಬೇಕಲ್ಲ

ಕೊಪ್ಪಳದವನು, ತೊಗಲುಗೊಂಬೆ ಗೊತ್ತಿರುತ್ತದೆ ಅಂತ ವಿರೋಧದ ಕಡೆ ಬರೆಯುವ ಕೆಲಸ ನನಗೆ ಬಿತ್ತು. ಬರೆಯುತ್ತೇನೆ.

ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ರಾಮಾಯಣ, ಮಹಾಭಾರತ ಆಡಿಸಿದ ಕೈಗೆ ಬಂದದ್ದು, ಮಂದಿಯನ್ನು ಚೀರಿಸಿದ್ದಕ್ಕಲ್ಲ. ‘ಪರ’ ಬರೆದವರ ಮಾತು ಕೇಳಿದರೆ ನಾಳೆ ಸೀತೆಗೂ ಕೋರೆಹಲ್ಲು ಇಡಬೇಕಾದೀತು.

ಬಟ್ಟೆಗೊಂಬೆಯೊಳಗೆ ಕೈ ತೂರಿಸಿದಷ್ಟು ಸಲೀಸಲ್ಲ ಇದು. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ಗೆರೆ ಬರೆದು, ಕೊರೆದು, ಬಣ್ಣ ತುಂಬಿ, ಕೈಕಾಲಿನ ಕೀಲಿಗೆ ದಾರ ಕಟ್ಟಬೇಕು. ಧಾರಾವಾಹಿಯವರು ಕಂಪ್ಯೂಟರಿನಲ್ಲಿ ಒಂದು ನೆರಳು ಮಾಡಿ ಮುಗಿಸುತ್ತಾರೆ. ಇನ್ನು ಕರಾರು! ಊರೂರು ತಿರುಗುವ ಮೇಳದವರು ವಕೀಲರನ್ನು ಎಲ್ಲಿಂದ ತಂದಾರು?

ಮಕ್ಕಳು ಹೆದರುತ್ತಾರೆ, ಅದೂ ಇದೆ. ಬರೆಯುವ ಮೊದಲು ನೋಡಬೇಕಲ್ಲ ಅಂತ ಆ ಬಫಿಯ ಗೊಂಬೆಯ ಕಂತು ಹಾಕಿದ್ದೆ. ಮಗಳು ಪಕ್ಕ ಬಂದು ಕೂತಳು. ರಾತ್ರಿ ಮಲಗುವ ಮುಂಚೆ ತನ್ನ ಗೊಂಬೆಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಕೂರಿಸಿದಳು. ನೋಡಿದಿರಾ, ಇದೇ ನಾನು ಹೇಳುವುದು.

ಬೆಳಿಗ್ಗೆ ಎದ್ದವಳು, “ಅಪ್ಪಾ, ಇನ್ನೊಂದು ಗೊಂಬೀದು ಐತೆಂತಲ್ಲ, ಅದನ್ನ ಯಾವಾಗ ಹಚ್ತಿ?” ಅಂದಳು. ಭಾನುವಾರ ಅಂದಿದ್ದೇನೆ.